ಮನೆಸಾಲಕ್ಕಾಗಿ ವಿಪಿಎಫ್ ನಿಲ್ಲಿಸಲೇ, ಎಸ್‌ಐಪಿ ನಿಲ್ಲಿಸಲೇ?

ಪ್ರಶ್ನೆ: ನನಗೆ 36 ವರ್ಷ. ಮಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಉದ್ಯೋಗ. ಮೂಲ ವೇತನ 45,000 ರೂ. ಪಿಎಫ್ ಜೊತೆಗೆ ಸ್ವಇಚ್ಛೆಯಿಂದ ತಿಂಗಳಿಗೆ 8,000 ರೂ. ವಿಪಿಎಫ್ ಕಟ್ಟುತ್ತೇನೆ. ಎಲ್ಲ ಕಳೆದು ಕೈಗೆ ಬರುವುದು 78,000. ಪತ್ನಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ಸಂಬಳ 22,000. ಮುಂದೆ ಬಿ.ಎಡ್. ಮಾಡಬೇಕೆಂಬ ಆಸೆ ಅವಳಿಗಿದೆ. ಮಗಳಿಗೆ ಐದು ವರ್ಷ. ಬಿಜೈಯಲ್ಲಿ ಬಾಡಿಗೆ ಮನೆ, ಬಾಡಿಗೆ 15,000. ಶಾಲೆ ಫೀಸು ಸೇರಿ ಮನೆಖರ್ಚು 42,000. ಕಾರು ಸಾಲದ ಕಂತು 9,500, ಇನ್ನು ಒಂದೂವರೆ ವರ್ಷ ಬಾಕಿ. ಮ್ಯೂಚುವಲ್ ಫಂಡಿಗೆ ತಿಂಗಳ ಕಂತು, ಅಂದರೆ ಎಸ್‌ಐಪಿ, 15,000. ಎಫ್‌ಡಿಯಲ್ಲಿ 16 ಲಕ್ಷ, ಪಿಎಫ್‌ನಲ್ಲಿ 9.5 ಲಕ್ಷ ಇದೆ. ಕಾವೂರಿನಲ್ಲಿ 65 ಲಕ್ಷದ ರೆಡಿ ಫ್ಲ್ಯಾಟ್ ನೋಡಿದ್ದೇವೆ. ಶೇ 8ರ ಬಡ್ಡಿಗೆ 52 ಲಕ್ಷ ಸಾಲ ಕೊಡುತ್ತೇವೆ, ವಿಪಿಎಫ್ ನಿಲ್ಲಿಸಿದರೆ ಕಂತು ಸಲೀಸು ಎನ್ನುತ್ತಾರೆ ಬ್ಯಾಂಕಿನವರು. ಕಾಪುವಿನಲ್ಲಿರುವ ತಂದೆ ನಿವೃತ್ತ ಬ್ಯಾಂಕ್ ಉದ್ಯೋಗಿ. ಎಸ್‌ಐಪಿ ನಿಲ್ಲಿಸಿ ಮೊದಲು ಸಾಲ ತೀರಿಸು ಎನ್ನುತ್ತಾರೆ. ಭಾವನ ಪ್ರಕಾರ 30 ವರ್ಷಕ್ಕೆ ಸಾಲ ಮಾಡಿ, ಕಂತು ಕಡಿಮೆ ಇಟ್ಟು, ಎಸ್‌ಐಪಿಗೆ ಜಾಸ್ತಿ ಹಾಕಬೇಕು. ಯಾರ ಮಾತು ಕೇಳಲಿ? ಪಿಎಫ್ ಪಾಸ್‌ಬುಕ್ ಲಗತ್ತಿಸಿದ್ದೇನೆ.

— ಓದುಗರು, ಬಿಜೈ

ಉತ್ತರ: ಪಾಸ್‌ಬುಕ್ ಕಳಿಸಿದ್ದು ಒಳ್ಳೆಯದಾಯಿತು, ಅಲ್ಲಿಂದಲೇ ಶುರು ಮಾಡೋಣ. ತಿಂಗಳು ತಿಂಗಳೂ ಅದರಲ್ಲಿ ಮೂರು ಅಂಕಣ ತುಂಬುತ್ತದೆ. ಮೊದಲನೆಯದು ನಿಮ್ಮ ಪಾಲು, 13,400: ಮೂಲ ವೇತನದ ಶೇ 12 ಅಂದರೆ 5,400, ಅದರ ಮೇಲೆ ವಿಪಿಎಫ್ 8,000. ಎರಡನೆಯದು ಕಂಪನಿಯ ಪಾಲು, 4,150. ಕಂಪನಿಯೂ 5,400 ಕಟ್ಟುತ್ತದಲ್ಲ, ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಿದರೆ ಉತ್ತರ ಮೂರನೇ ಅಂಕಣದಲ್ಲಿದೆ: 1,250 ರೂ., ಪಿಂಚಣಿ ನಿಧಿಗೆ.

ಈ ಮೂರನೇ ಅಂಕಣ ನೋಡಿ ‘ನಮಗೂ ಪಿಂಚಣಿ ಉಂಟು’ ಎಂದು ಸಮಾಧಾನಪಟ್ಟುಕೊಳ್ಳುವವರು ಬಹಳ ಮಂದಿ. ಸ್ವಲ್ಪ ಬಿಡಿಸಿ ನೋಡಿ. ನಿಮ್ಮ ಮೂಲ ವೇತನ 45,000 ಇದ್ದರೂ ಈ ಪಿಂಚಣಿ ಯೋಜನೆಯ (ಇಪಿಎಸ್) ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ. ಅದರ ಶೇ 8.33 ಈ 1,250. ಈ ಅಂಕಣಕ್ಕೆ ಬಡ್ಡಿ ಸೇರುವುದಿಲ್ಲ. ನೀವು ಕೆಲಸ ಮಾಡಿದ ವರ್ಷಗಳನ್ನು 15,000ದಿಂದ ಗುಣಿಸಿ 70ರಿಂದ ಭಾಗಿಸಿದರೆ ಬರುವುದೇ ಮಾಸಿಕ ಪಿಂಚಣಿ. 25ನೇ ವಯಸ್ಸಿಗೆ ಕೆಲಸಕ್ಕೆ ಸೇರಿದಿರಿ, 58ರ ವರೆಗೆ 33 ವರ್ಷ. 20 ವರ್ಷ ದಾಟಿದವರಿಗೆ ಎರಡು ವರ್ಷ ಸೇರಿಸಿ ಕೊಡುತ್ತಾರೆ, 35 ಆಯಿತು. ಅಂದರೆ ತಿಂಗಳಿಗೆ 7,500 ರೂ. ಮಿತಿ ಏರಿಸದ ಹೊರತು ಅಷ್ಟೇ, ತುಟ್ಟಿಭತ್ಯೆ ಇಲ್ಲ.

ಈಗ ನಿಮ್ಮ ಮನೆಖರ್ಚಿನ 42,000 ತೆಗೆದುಕೊಳ್ಳಿ. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದರೆ, ಇನ್ನು 22 ವರ್ಷಕ್ಕೆ ಅದೇ ಅಕ್ಕಿ, ಮೀನು, ಕರೆಂಟ್ ಬಿಲ್ಲು, ಔಷಧಕ್ಕೆ ತಿಂಗಳಿಗೆ ಒಂದೂವರೆ ಲಕ್ಷ ಬೇಕು. ಮಗಳ ಫೀಸು ಕಳೆದರೂ ಒಂದು ಲಕ್ಷಕ್ಕೆ ಕಡಿಮೆ ಇಲ್ಲ. ಆ ಲಕ್ಷದ ಎದುರು ಸರ್ಕಾರದಿಂದ ಬರುವುದು ಏಳೂವರೆ ಸಾವಿರ.

ನಿಮ್ಮ ತಂದೆಯವರ ಮಾತನ್ನು ಈ ಬೆಳಕಿನಲ್ಲಿ ನೋಡಬೇಕು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ಊರು ನಮ್ಮದು. ಕಾಪು, ಮೂಲ್ಕಿ, ಉಡುಪಿ ಕಡೆ ಯಾವ ಓಣಿಗೆ ಹೋದರೂ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಸಿಗುತ್ತಾರೆ, ಹಣದ ವಿಷಯದಲ್ಲಿ ಮನೆಯವರೆಲ್ಲ ಕೇಳುವುದು ಅವರ ಮಾತನ್ನೇ. ‘ಮೊದಲು ಸಾಲ ತೀರಿಸು’ ಎಂಬುದು ಅವರ ಪಾಲಿಗೆ ನೂರಕ್ಕೆ ನೂರು ಸರಿಯಾಗಿತ್ತು. ಏಕೆಂದರೆ ಅವರ ಕಾಲದ ಸಿಬ್ಬಂದಿ ಗೃಹಸಾಲಕ್ಕೆ ಸರಳ ಬಡ್ಡಿ, ಅದೂ ರಿಯಾಯಿತಿ ದರದಲ್ಲಿ. 33 ವರ್ಷ ಸೇವೆ ಮುಗಿಸಿದವರಿಗೆ ಕೊನೆಯ ವೇತನದ ಅರ್ಧದಷ್ಟು ಪಿಂಚಣಿ, ಜೊತೆಗೆ ತುಟ್ಟಿಭತ್ಯೆ. ಮುಪ್ಪಿನ ಹಣದ ಚಿಂತೆಯನ್ನು ಬ್ಯಾಂಕು ಹೊತ್ತಿತ್ತು. ಇವರು ಹೊರಬೇಕಾಗಿದ್ದುದು ಮನೆಸಾಲ ಒಂದನ್ನೇ. 2010ರ ಏಪ್ರಿಲ್ ಬಳಿಕ ಬ್ಯಾಂಕಿಗೆ ಸೇರಿದವರಿಗೂ ಆ ಪಿಂಚಣಿ ಇಲ್ಲ, ಅವರು ಎನ್‌ಪಿಎಸ್‌ಗೆ, ಅಂದರೆ ಕಟ್ಟಿದ ಹಣ ಪೇಟೆಯಲ್ಲಿ ಬೆಳೆದಷ್ಟು ಸಿಗುವ ಪಿಂಚಣಿ ಯೋಜನೆಗೆ, ಬರುತ್ತಾರೆ. ನೀವಂತೂ ಖಾಸಗಿ ಕಂಪನಿಯವರು. ತಂದೆಯ ಶಿಸ್ತನ್ನು ಇಟ್ಟುಕೊಳ್ಳಿ, ಅವರ ಲೆಕ್ಕವನ್ನು ಹಾಗೆಯೇ ಎತ್ತಿಕೊಳ್ಳಬೇಡಿ.

ಆದ್ದರಿಂದ ನನ್ನ ಉತ್ತರ ಇಷ್ಟು: ಮುಪ್ಪಿಗೆ ತಿಂಗಳಿಗೆ ಎಷ್ಟು ಎತ್ತಿಡಬೇಕೆಂದು ಮೊದಲು ನಿಶ್ಚಯವಾಗಲಿ. ಮನೆ ಎಷ್ಟು ದೊಡ್ಡದಿರಬೇಕು ಎಂಬುದು ಉಳಿದ ಹಣದಲ್ಲಿ ತೀರ್ಮಾನವಾಗಲಿ. ನಿಮ್ಮ ಮೂವರು ಸಲಹೆಗಾರರೂ 65 ಲಕ್ಷದ ಫ್ಲ್ಯಾಟನ್ನು ಗಟ್ಟಿ ಎಂದು ಹಿಡಿದು ಉಳಿದದ್ದನ್ನು ಅದಕ್ಕೆ ಹೊಂದಿಸಲು ಹೊರಟಿದ್ದಾರೆ. ಬದಲಾಗಬೇಕಾದದ್ದು ಆ 65 ಲಕ್ಷ.

ಏಕೆ ಎಂದು ಲೆಕ್ಕ ಹಾಕಿ ತೋರಿಸುತ್ತೇನೆ. 52 ಲಕ್ಷಕ್ಕೆ ಶೇ 8ರಲ್ಲಿ 20 ವರ್ಷಕ್ಕೆ ಕಂತು 43,500 ರೂ. ಫ್ಲ್ಯಾಟಿನ ಮೇಂಟೆನೆನ್ಸ್ 3,000 ಎಂದುಕೊಳ್ಳಿ. ಮನೆಖರ್ಚು 42,000. ಕಾರಿಗೆ 9,500. ಒಟ್ಟು 98,000. ಇಬ್ಬರ ಕೈಸೇರುವ ಸಂಬಳ ಒಂದು ಲಕ್ಷ. ಎಸ್‌ಐಪಿಗೆ ಜಾಗವೆಲ್ಲಿದೆ? ವಿಪಿಎಫ್ ನಿಲ್ಲಿಸಿದರೆ ಎಂಟು ಸಾವಿರ ಬರುತ್ತದೆ ನಿಜ, ಆಗಲೂ ಹತ್ತು ಸಾವಿರದಲ್ಲಿ ಎಸ್‌ಐಪಿಯೂ ಆಗಬೇಕು, ಮಗುವಿನ ಜ್ವರವೂ ಆಗಬೇಕು, ಊರಿನ ಕೋಲ, ನೇಮ, ಮದುವೆ ಉಡುಗೊರೆಗಳೂ ಆಗಬೇಕು. ಇನ್ನು ಪತ್ನಿ ಬಿ.ಎಡ್.ಗೆ ಸೇರಿದರೆ ಎರಡು ವರ್ಷ ಆ 22,000 ಇಲ್ಲ. ಕಾರು ಸಾಲ ತೀರಿದೆ, ಎಸ್‌ಐಪಿ ಸೊನ್ನೆ ಎಂದೇ ಇಟ್ಟುಕೊಳ್ಳೋಣ. ನಿಮ್ಮ 78,000ದಲ್ಲಿ 88,500 ಖರ್ಚು. ವಿಪಿಎಫ್‌ನ ಎಂಟು ಸಾವಿರ ಸೇರಿಸಿದರೂ ತಿಂಗಳಿಗೆ 2,500 ಕೊರತೆ. ಬ್ಯಾಂಕಿನವರು ಸಾಲದ ಅರ್ಹತೆ ನೋಡುವಾಗ ಪತ್ನಿಯ ಸಂಬಳ ಸೇರಿಸುತ್ತಾರೆ, ಆಕೆಯ ಬಿ.ಎಡ್. ಆಸೆಯನ್ನು ಕೇಳುವುದಿಲ್ಲ. ‘ಇಷ್ಟು ಸಾಲ ಸಿಗುತ್ತದೆ’ ಎಂಬುದು ಬ್ಯಾಂಕಿನ ಲೆಕ್ಕ, ಅಷ್ಟನ್ನೂ ನೀವು ತೆಗೆದುಕೊಳ್ಳಬೇಕೆಂದಿಲ್ಲ.

ಕೈಯಿಂದ ಹಾಕಬೇಕಾದ ಹಣದ ಕತೆಯೂ ಹೀಗೆಯೇ. 30ರಿಂದ 75 ಲಕ್ಷದ ನಡುವಿನ ಗೃಹಸಾಲದಲ್ಲಿ ಬ್ಯಾಂಕು ಮನೆಬೆಲೆಯ ಶೇ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಹಾಗಾಗಿ 13 ಲಕ್ಷ ನಿಮ್ಮದು. ಮುದ್ರಾಂಕ, ನೋಂದಣಿ ಖರ್ಚನ್ನು ಮನೆಬೆಲೆಯಲ್ಲಿ ಸೇರಿಸುವಂತಿಲ್ಲ, ಅದಕ್ಕೆ ಸಾಲ ಸಿಗುವುದಿಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. 45 ಲಕ್ಷ ಮೀರಿದ ಫ್ಲ್ಯಾಟಿಗೆ ಮುದ್ರಾಂಕ ಶೇ 5, ಅದರ ಮೇಲೆ ಸೆಸ್, ಸರ್ಚಾರ್ಜ್. ನಗರ ವ್ಯಾಪ್ತಿಯಲ್ಲಿ ಎಲ್ಲ ಸೇರಿ ಶೇ 7.6. 65 ಲಕ್ಷಕ್ಕೆ ಹತ್ತಿರ ಹತ್ತಿರ 5 ಲಕ್ಷ. ಅಲ್ಲಿಗೆ 18 ಲಕ್ಷ ಆಯಿತು. ಅಡುಗೆಮನೆ ಕಪಾಟು, ಫ್ಯಾನು, ಕಿಟಕಿಗೆ ಗ್ರಿಲ್ಲು, ಮನೆ ಒಕ್ಕಲು ಅಂದರೆ ಇನ್ನೂ ಐದು. ನಿಮ್ಮಲ್ಲಿರುವುದು 16. ಬಾಕಿ ಏಳು ಲಕ್ಷಕ್ಕೆ ಪಿಎಫ್‌ಗೆ ಕೈಹಾಕುತ್ತೀರಿ ಅಥವಾ ಪರ್ಸನಲ್ ಲೋನ್ ಮಾಡುತ್ತೀರಿ. ಎರಡೂ ಬೇಡ. ಹೊಸ ಮನೆಯಲ್ಲಿ ಮೊದಲ ತಿಂಗಳ ಕಂತು ಕಟ್ಟುವ ದಿನ ಕೈಯಲ್ಲಿ ಬಿಡಿಗಾಸೂ ಇಲ್ಲ ಎಂಬ ಸ್ಥಿತಿ ಬರಬಾರದು.

ಮನೆಗೆಂದು ಪಿಎಫ್ ಹಣ ತೆಗೆಯಲು ಅವಕಾಶ ಇದೆ, ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು. ಬಡ್ಡಿಯ ಲೆಕ್ಕದಲ್ಲಿ ಅದರಿಂದ ದೊಡ್ಡ ನಷ್ಟವೂ ಇಲ್ಲ. ಪಿಎಫ್‌ಗೆ 2024-25ರಲ್ಲಿ ಘೋಷಿಸಿದ ಬಡ್ಡಿ ಶೇ 8.25, ನಿಮ್ಮ ಸಾಲಕ್ಕೆ ಶೇ 8. ಅಪಾಯ ಇರುವುದು ಬೇರೆ ಕಡೆ. ಸಾಲವನ್ನು ಬ್ಯಾಂಕು ನಿಮ್ಮಿಂದ ವಸೂಲಿ ಮಾಡಿಯೇ ಮಾಡುತ್ತದೆ. ಪಿಎಫ್‌ನಿಂದ ತೆಗೆದ ಐದು ಲಕ್ಷವನ್ನು ಮತ್ತೆ ತುಂಬಿ ಎಂದು ಯಾರೂ ನಿಮ್ಮ ಬಾಗಿಲಿಗೆ ಬರುವುದಿಲ್ಲ. ತೆಗೆದವರು ತುಂಬಿದ್ದನ್ನು ನಾನಂತೂ ಕಂಡದ್ದು ಅಪರೂಪ.

ಇನ್ನು ಭಾವನ ಸಲಹೆ. ಸಾಲಕ್ಕೆ ಶೇ 8, ಎಸ್‌ಐಪಿಗೆ ಶೇ 12, ನಡುವಿನ ನಾಲ್ಕು ನಮಗೆ ಲಾಭ ಎಂಬ ವಾದ. ಕೇಳಲು ಚೆನ್ನಾಗಿದೆ, ಆದರೆ ಶೇ 8 ಕಟ್ಟಲೇಬೇಕಾದದ್ದು, ಶೇ 12 ಬಂದರೆ ಬಂತು. ದೀರ್ಘಾವಧಿಯಲ್ಲಿ ಷೇರು ಫಂಡುಗಳು ಪಿಎಫ್‌ಗಿಂತ ಹೆಚ್ಚು ಕೊಡುವ ಸಾಧ್ಯತೆ ಇದೆ ಎಂದು ನಾನೂ ನಂಬುತ್ತೇನೆ, ನಿಮ್ಮ ಎಸ್‌ಐಪಿ ನಿಲ್ಲಬಾರದು ಎನ್ನುವುದೂ ಅದಕ್ಕೇ. ಆದರೆ 2008ರಲ್ಲಿ ಸೆನ್ಸೆಕ್ಸ್ ಅರ್ಧಕ್ಕಿಂತ ಹೆಚ್ಚು ಕುಸಿದಾಗ ಐಟಿ ಕಂಪನಿಗಳಲ್ಲಿ ಕೆಲಸಕ್ಕೂ ಕುತ್ತು ಬಂದಿತ್ತು. ಪೇಟೆ ಬೀಳುವುದು, ನೌಕರಿ ಅಲುಗಾಡುವುದು ಎರಡೂ ಒಟ್ಟಿಗೆ ಬರುವ ಕ್ಷೇತ್ರ ನಿಮ್ಮದು. ಲಾಭ ಬಂದರೂ ಪೂರ್ತಿ ನಿಮ್ಮದಲ್ಲ, ವರ್ಷಕ್ಕೆ 1.25 ಲಕ್ಷ ಮೀರಿದ ದೀರ್ಘಾವಧಿ ಲಾಭಕ್ಕೆ ಶೇ 12.5 ತೆರಿಗೆ ಇದೆ.

ಅದಕ್ಕಿಂತ ದೊಡ್ಡ ತೊಡಕು ಆ 30 ವರ್ಷದ ಅವಧಿಯಲ್ಲಿದೆ. 52 ಲಕ್ಷಕ್ಕೆ 30 ವರ್ಷದ ಕಂತು 38,156 ರೂ. ಮೊದಲ ತಿಂಗಳ ಬಡ್ಡಿ 34,667. ಅಸಲಿಗೆ ಹೋಗುವುದು ಬರೀ 3,489. ಈಗ ಬಡ್ಡಿ ಶೇ 8ರಿಂದ 9ಕ್ಕೆ ಏರಿತು ಎನ್ನಿ, ತಿಂಗಳ ಬಡ್ಡಿಯೇ 39,000 ಆಯಿತು, ಕಂತಿಗಿಂತ ಹೆಚ್ಚು! ಕಂತು ಕಟ್ಟುತ್ತಾ ಹೋದರೂ ಸಾಲ ಬೆಳೆಯುತ್ತಾ ಹೋಗುತ್ತದೆ. ಕಂತು ಏರಿಸದೆ ಬೇರೆ ದಾರಿಯೇ ಇಲ್ಲ. ಹೀಗೆಲ್ಲ ಆಗುವುದುಂಟೇ ಎಂದರೆ, ಆಗಿದೆ. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿ ಒಳಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಒಯ್ದಿತು, ರೆಪೊಗೆ ಜೋಡಿಸಿದ ಗೃಹಸಾಲಗಳೂ ಅದರ ಹಿಂದೆಯೇ ಏರಿದವು. 20 ವರ್ಷಕ್ಕೆಂದು ಸಾಲ ಮಾಡಿದವರು ಬ್ಯಾಂಕಿನ ಆ್ಯಪ್ ತೆರೆದು ನೋಡಿದರೆ ಅವಧಿ ತನ್ನಷ್ಟಕ್ಕೆ ಉದ್ದವಾಗಿತ್ತು. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ, ಅವಧಿ ಏರಿಸಬೇಕೋ ಎಂದು ಸಾಲಗಾರನನ್ನು ಕೇಳಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚನೆ ಹೊರಡಿಸಿದ್ದು ಆ ಬಳಿಕ. 2025ರಲ್ಲಿ ದರ ಇಳಿದದ್ದರಿಂದಲೇ ಇಂದು ನಿಮಗೆ ಶೇ 8ರಲ್ಲಿ ಸಿಗುತ್ತಿರುವುದು. ಇಳಿದದ್ದು ಏರಲಾರದು ಎಂದು ಭರವಸೆ ಕೊಡುವವರಿಲ್ಲ.

30 ವರ್ಷ ಅಂದರೆ ನಿಮಗೆ 66 ಆಗುತ್ತದೆ. 58ಕ್ಕೆ ಸಂಬಳ ನಿಂತ ದಿನ, ಬಡ್ಡಿ ಒಂದು ಚೂರೂ ಏರದಿದ್ದರೂ, 27 ಲಕ್ಷ ಸಾಲ ಬಾಕಿ ಇರುತ್ತದೆ. ಪಿಎಫ್ ಕೈಗೆ ಬಂದ ಕೂಡಲೇ ಬ್ಯಾಂಕಿಗೆ ಕೊಡಬೇಕು.

ಹಾಗಾದರೆ ತೆರಿಗೆ ಉಳಿಯುತ್ತದಲ್ಲ ಎಂದು ಬಿಲ್ಡರ್ ಕಚೇರಿಯಲ್ಲಿ ಹೇಳಿರಬಹುದು. ನಿಮ್ಮ ಮಟ್ಟಿಗೆ ಅದನ್ನು ಮರೆತುಬಿಡಿ. ನಿಮ್ಮ ವಾರ್ಷಿಕ ಸಂಬಳ ಸುಮಾರು 11 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 12 ಲಕ್ಷದ ವರೆಗೆ ತೆರಿಗೆಯೇ ಇಲ್ಲ. ಕಟ್ಟದ ತೆರಿಗೆಯನ್ನು ಉಳಿಸುವುದು ಹೇಗೆ? ಸ್ವಂತ ವಾಸದ ಮನೆಯ ಬಡ್ಡಿಗೆ ಆ ಪದ್ಧತಿಯಲ್ಲಿ ವಿನಾಯಿತಿಯೂ ಇಲ್ಲ. ಎನ್‌ಪಿಎಸ್‌ಗೆ 50,000 ಹಾಕಿ ಎಂದು ಯಾರಾದರೂ ಹೇಳಿದರೆ ಅದಕ್ಕೂ ಇದೇ ಮಾತು. ಮುಂದೆ ನಿಮ್ಮ ಸಂಬಳ 12.75 ಲಕ್ಷ ದಾಟಿದಾಗ ಕಂಪನಿಯ ಮೂಲಕವೇ ಎನ್‌ಪಿಎಸ್ ಕಟ್ಟಿಸಿಕೊಳ್ಳಿ. ಮೂಲ ವೇತನದ ಶೇ 14ರ ವರೆಗೆ ಕಂಪನಿ ಕಟ್ಟುವ ಪಾಲಿಗೆ ಹೊಸ ಪದ್ಧತಿಯಲ್ಲೂ ವಿನಾಯಿತಿ ಇದೆ. ಈಗ ಅವಸರ ಬೇಡ.

ಇಷ್ಟೆಲ್ಲ ಬೇಡ ಎಂದ ಮೇಲೆ ಬೇಕು ಎನ್ನುವುದನ್ನೂ ಹೇಳಬೇಕಲ್ಲ. ನನ್ನ ಲೆಕ್ಕದಲ್ಲಿ ನಿಮ್ಮ ಸಾಲದ ಮಿತಿ 40 ಲಕ್ಷ, ಮನೆಯ ಬೆಲೆ 50 ಲಕ್ಷದ ಆಸುಪಾಸು, ಸಮಯ ಕಾರು ಸಾಲ ತೀರಿದ ಮೇಲೆ.

40 ಲಕ್ಷಕ್ಕೆ 20 ವರ್ಷದ ಕಂತು 33,458. ಮೇಂಟೆನೆನ್ಸ್, ಮನೆಖರ್ಚು ಸೇರಿ 78,500. ವಿಪಿಎಫ್ 8,000 ಹಾಗೆಯೇ ನಡೆಯುತ್ತಿದ್ದರೂ ತಿಂಗಳಿಗೆ 21,500 ಉಳಿಯುತ್ತದೆ. ಅದರಲ್ಲಿ 12,000 ಎಸ್‌ಐಪಿ, ಉಳಿದದ್ದು ಕೈಯಾಸರೆ. ಪತ್ನಿ ಬಿ.ಎಡ್.ಗೆ ಹೋದರೆ? ನಿಮ್ಮ ಒಬ್ಬರ 78,000ದಲ್ಲಿ ಹೆಚ್ಚುಕಮ್ಮಿ ಸರಿದೂಗುತ್ತದೆ. ಆ ಎರಡು ವರ್ಷ ಎಸ್‌ಐಪಿ ನಿಲ್ಲಿಸಿ, ವಿಪಿಎಫ್ ಅನ್ನು 4,000ಕ್ಕೆ ಇಳಿಸಿದರೆ ಉಸಿರಾಡಲು ಜಾಗ ಸಿಗುತ್ತದೆ. ವಿಪಿಎಫ್ ಇಳಿಸುವುದಕ್ಕೆ ನನ್ನ ವಿರೋಧ ಇಲ್ಲ ಎಂಬುದನ್ನು ಗಮನಿಸಿ. ಓದು ಎರಡು ವರ್ಷದಲ್ಲಿ ಮುಗಿಯುತ್ತದೆ, ಮುಗಿದ ಮೇಲೆ ಸಂಬಳ ಏರುತ್ತದೆ, ಆಗ ಮತ್ತೆ ಮೊದಲಿನ ಮೊತ್ತಕ್ಕೆ ತರಬಹುದು. ಹೆಚ್ಚಿನ ಕಂಪನಿಗಳು ವಿಪಿಎಫ್ ಬದಲಾವಣೆಯನ್ನು ಏಪ್ರಿಲ್‌ನಲ್ಲಿ ಮಾತ್ರ ಒಪ್ಪುತ್ತವೆ, ಎಚ್‌ಆರ್‌ನಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. 20 ವರ್ಷದ ದೊಡ್ಡ ಸಾಲಕ್ಕಾಗಿ ನಿಲ್ಲಿಸಿದ ವಿಪಿಎಫ್ ಮಾತ್ರ ಮತ್ತೆ ಶುರುವಾಗುವುದಿಲ್ಲ.

ನಿಲ್ಲಿಸಿದರೆ ಎಷ್ಟು ನಷ್ಟ? ಐದು ವರ್ಷ 8,000 ಕಟ್ಟದಿದ್ದರೆ, ಶೇ 8.25 ಹೀಗೆಯೇ ಇದ್ದಲ್ಲಿ, 58ನೇ ವಯಸ್ಸಿನಲ್ಲಿ ಸುಮಾರು 22 ಲಕ್ಷ ಕಡಿಮೆ. ಕೇಳಿ ಗಾಬರಿಯಾಗಬೇಡಿ, ಆ ಹೊತ್ತಿನ 22 ಲಕ್ಷ ಇಂದಿನ ಆರು ಲಕ್ಷಕ್ಕೆ ಸಮ. ದೊಡ್ಡ ಅಂಕಿ ತೋರಿಸಿ ಹೆದರಿಸುವುದು ನಮ್ಮ ವೃತ್ತಿಯವರ ಚಾಳಿ. ಆದರೆ ಇದೇ ಅಳತೆಗೋಲನ್ನು ಒಟ್ಟು ಪಿಎಫ್‌ಗೂ ಹಿಡಿಯಬೇಕು: ಸಂಬಳ ಏರದೆ ಈಗಿನಂತೆ ವಿಪಿಎಫ್ ಸಹಿತ ಕಟ್ಟಿದರೆ 58ಕ್ಕೆ ಸುಮಾರು 1.8 ಕೋಟಿ, ಇಂದಿನ ಬೆಲೆಗೆ 50 ಲಕ್ಷ. ವಿಪಿಎಫ್ ಪೂರ್ತಿ ಬಿಟ್ಟರೆ ಇಂದಿನ ಬೆಲೆಗೆ 34 ಲಕ್ಷ. 50 ಲಕ್ಷವೂ ಇಬ್ಬರಿಗೆ ಸಾಲದು, ಅದಕ್ಕೇ ಎಸ್‌ಐಪಿ ಬೇಕು. ತಂದೆಯವರಿಗೆ ಎಸ್‌ಐಪಿ ಮೇಲೆ ಅನುಮಾನ ಇದ್ದರೆ, ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಉಡುಪಿಯಲ್ಲಿ ಶುರು ಮಾಡಿದ ಪಿಗ್ಮಿಯನ್ನು ನೆನಪಿಸಿ. ಸಣ್ಣ ಮೊತ್ತ, ತಪ್ಪದ ಕಂತು, ಅದೇ ಕ್ರಮ. ಪಿಗ್ಮಿಯಲ್ಲಿ ಅಸಲಿಗೆ ಮೋಸವಿಲ್ಲ, ಇದರಲ್ಲಿ ಏರಿಳಿತ ಇದೆ ಎಂಬ ವ್ಯತ್ಯಾಸವನ್ನೂ ಮುಚ್ಚಿಡದೆ ಹೇಳಿ. ಆ 12,000ದಲ್ಲಿ 5,000 ಮಗಳ ಓದಿಗೆ, 7,000 ನಿಮ್ಮಿಬ್ಬರ ಮುಪ್ಪಿಗೆ ಎಂದು ಬೇರೆ ಬೇರೆ ಫೋಲಿಯೊ (ಫಂಡ್ ಖಾತೆ) ಮಾಡಿಕೊಳ್ಳಿ. ಒಂದೇ ರಾಶಿಯಲ್ಲಿದ್ದರೆ ಕಾಲೇಜು ಸೀಟಿನ ಹೊತ್ತಿಗೆ ಎಲ್ಲವೂ ಖಾಲಿಯಾಗುತ್ತದೆ.

ಮುಂದಿನ ಒಂದೂವರೆ ವರ್ಷ ಮಾಡಬೇಕಾದ ಕೆಲಸ ಒಂದಿದೆ. ಮನೆ ಕೊಂಡಾಗಿದೆ ಎಂದೇ ಸಂಸಾರ ನಡೆಸಿ. 33,500 ಕಂತು, 3,000 ಮೇಂಟೆನೆನ್ಸ್, ಅದರಲ್ಲಿ ಈಗಿನ ಬಾಡಿಗೆ 15,000 ಕಳೆದರೆ 21,500. ಸಂಬಳ ಬಂದ ಮರುದಿನವೇ ಅಷ್ಟನ್ನು ಆರ್‌ಡಿಗೆ ಹಾಕಿ. ಎಸ್‌ಐಪಿಯನ್ನು 12,000ಕ್ಕೆ ಇಳಿಸಿದರೆ ನಿಮ್ಮ ಒಂದು ಲಕ್ಷದಲ್ಲಿ ಇದು ಸರಿಯಾಗಿ ಕೂರುತ್ತದೆ, ಆದರೆ ಒಂದು ರೂಪಾಯಿ ಹೆಚ್ಚಿಲ್ಲ. ಜೂನ್‌ನ ಶಾಲೆ ಫೀಸು, ಅಷ್ಟಮಿ, ದೀಪಾವಳಿ, ಮೇ ತಿಂಗಳ ಮದುವೆಗಳನ್ನು ದಾಟಿಯೂ ಆರ್‌ಡಿ ತಪ್ಪದಿದ್ದರೆ 40 ಲಕ್ಷದ ಸಾಲ ನಿಮಗೆ ದಕ್ಕುತ್ತದೆ. ನಡುವೆ ಎರಡು ಸಲ ತಪ್ಪಿತೋ, 35 ಲಕ್ಷಕ್ಕೆ ಇಳಿಯಿರಿ. ಈ ತಾಲೀಮಿಗೆ ದಂಡ ಇಲ್ಲ, ಸಿಬಿಲ್ ಸ್ಕೋರಿಗೂ ಪೆಟ್ಟಿಲ್ಲ. ಆ ಹೊತ್ತಿಗೆ ಎಫ್‌ಡಿ, ಆರ್‌ಡಿ, ಬಡ್ಡಿ ಸೇರಿ 21 ಲಕ್ಷ ದಾಟುತ್ತದೆ. 50 ಲಕ್ಷದ ಮನೆಗೆ ಮುಂಗಡ 10, ನೋಂದಣಿ ಖರ್ಚು 3.8, ಒಳಗಿನ ಕೆಲಸಕ್ಕೆ ಎರಡೂವರೆ ಎಂದರೂ ನಾಲ್ಕೂವರೆ ಲಕ್ಷದಷ್ಟು ಕೈಯಲ್ಲಿ ಉಳಿಯುತ್ತದೆ. ಅದು ಆರು ತಿಂಗಳ ಆಪತ್ತಿನ ಹಣ, ಸೋಫಾ ಸೆಟ್ಟಿಗಲ್ಲ.

ಅಷ್ಟರಲ್ಲಿ ಮನೆಯ ಬೆಲೆ ಏರಿದರೆ ಎಂಬ ಚಿಂತೆ ನ್ಯಾಯವೇ. ವರ್ಷಕ್ಕೆ ಶೇ 5 ಏರಿದರೆ 65 ಲಕ್ಷದ ಮನೆಗೆ 3.25 ಲಕ್ಷ ಹೆಚ್ಚಾಗುತ್ತದೆ. ಇನ್ನೊಂದು ಕಡೆ, 52 ಲಕ್ಷ ಸಾಲದ ಮೊದಲ ವರ್ಷದ ಬಡ್ಡಿಯೇ 4.1 ಲಕ್ಷ, ನಿಮ್ಮ ವರ್ಷದ ಬಾಡಿಗೆ 1.8 ಲಕ್ಷ, ಕಾಯುವುದರಿಂದ 2.3 ಲಕ್ಷ ಉಳಿಯುತ್ತದೆ. ನಿವ್ವಳ ನಷ್ಟ ವರ್ಷಕ್ಕೆ ಒಂದು ಲಕ್ಷ. ಬಾಡಿಗೆ ಅಂದರೆ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ಎನ್ನುವವರು ಈ ಬಡ್ಡಿಯ ಅಂಕಿಯನ್ನು ಹೇಳುವುದಿಲ್ಲ. ಒಂದು ಲಕ್ಷ ಕೊಟ್ಟು ನಿಶ್ಚಿಂತೆ ಕೊಳ್ಳುವುದಾದರೆ ನಾನು ಕೊಳ್ಳುತ್ತೇನೆ.

50 ಲಕ್ಷಕ್ಕೆ ಕಾವೂರಿನಲ್ಲಿ ಹೊಸ ಫ್ಲ್ಯಾಟ್ ಸಿಗದಿದ್ದರೆ ಎಂಟು-ಹತ್ತು ವರ್ಷ ಹಳೆಯದನ್ನು ನೋಡಿ, ಇಲ್ಲವೇ ಕುಲಶೇಖರ, ಪಡೀಲ್, ಸುರತ್ಕಲ್ ಕಡೆ ಹುಡುಕಿ. ಹಳೆಯ ಫ್ಲ್ಯಾಟನ್ನು ಜನವರಿಯಲ್ಲಿ ನೋಡಿ ಒಪ್ಪಬೇಡಿ, ಜುಲೈಯಲ್ಲಿ ನೋಡಿ. ನಮ್ಮ ಮಳೆಗೆ ಪಶ್ಚಿಮದ ಗೋಡೆ ತೇವ ಹಿಡಿದಿದೆಯೇ, ಬಾತ್‌ರೂಮಿನ ಸೀಲಿಂಗ್ ಮೂಲೆಯಲ್ಲಿ ಹೊಸ ಪೇಂಟಿನ ತೇಪೆ ಇದೆಯೇ ಎಂಬುದು ಆಗ ಗೊತ್ತಾಗುತ್ತದೆ. ನಗರಕ್ಕೆ ಬರುವ ತುಂಬೆ ಅಣೆಕಟ್ಟಿನ ನೀರು ರೇಷನ್ ಆಗುವ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಎಷ್ಟು ಕಟ್ಟಿದಿರಿ ಎಂದು ಅಸೋಸಿಯೇಷನ್ ಕಾರ್ಯದರ್ಶಿಯನ್ನು ಕೇಳಿ. ನಾನು ಹಿಡಿದ 3,000 ಮೇಂಟೆನೆನ್ಸ್ ಸರಿಯೋ ತಪ್ಪೋ ಎಂಬುದು ಅವರ ಪುಸ್ತಕದಲ್ಲಿರುತ್ತದೆ. ಇ-ಖಾತಾ, ಕಂಪ್ಲೀಷನ್ ಸರ್ಟಿಫಿಕೇಟ್ ವಿಷಯ ವಕೀಲರಿಗೆ ಬಿಡಿ.

ಕಾಪುವಿನ ಮನೆಯ ಬಗ್ಗೆ ನೀವು ಏನೂ ಬರೆದಿಲ್ಲ. ಅದರಲ್ಲಿ ನಿಮಗೆ ಪಾಲಿದ್ದರೆ ಅದೂ ಈ ಲೆಕ್ಕದಲ್ಲಿ ಬರುತ್ತದೆ. ಅಕ್ಕತಂಗಿಯರಿಗೂ ಸಮಪಾಲು ಎಂಬುದನ್ನು ನೆನಪಿಟ್ಟೇ ಹೇಳುತ್ತಿದ್ದೇನೆ: ಮುಪ್ಪಿನಲ್ಲಿ ತಲೆಯ ಮೇಲೊಂದು ಸೂರು ಹೇಗೋ ಆದೀತು ಎಂಬ ಆಸರೆ ನಿಮಗಿದೆ. ಪಿಂಚಣಿಗೆ ಅಂಥ ಆಸರೆ ಇಲ್ಲ.

ಸಾಲ ಪಡೆದ ಮೇಲೆ ತಂದೆಯವರ ಮಾತಿಗೂ ಜಾಗ ಇದೆ. ಪ್ರತಿ ವರ್ಷ ಬೋನಸ್ ಬಂದಾಗ ಒಂದು ಕಂತಿನಷ್ಟು ಹಣವನ್ನು ಅಸಲಿಗೆ ಕಟ್ಟಿ. 20 ವರ್ಷದ ಸಾಲ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮುಂಚೆಯೇ ತೀರುತ್ತದೆ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಅವಧಿಪೂರ್ವ ಪಾವತಿಯ ದಂಡ ಹಾಕುವಂತಿಲ್ಲ. ಸಂಬಳ ಏರಿದಾಗ ಏರಿದ್ದರ ಅರ್ಧವನ್ನು ಎಸ್‌ಐಪಿಗೆ ಸೇರಿಸಿ. ಶೇ 8ರ ಸಾಲವನ್ನು ಬೇಗ ತೀರಿಸುವುದಕ್ಕೂ ಶೇ 8.25ರ ವಿಪಿಎಫ್ ಕಟ್ಟುವುದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಆದ್ದರಿಂದ ಅಪ್ಪ-ಮಗ ಆ ವಿಷಯಕ್ಕೆ ವಾದ ಮಾಡಬೇಕಿಲ್ಲ. ಆಪತ್ತಿನ ಹಣವನ್ನು ಇಡಲು ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಸಿಗುತ್ತದೆಯೇ ಎಂದು ಕೇಳಿ. ಬಡ್ಡಿ ಕೊಂಚ ಹೆಚ್ಚು, ಆದರೆ ಅಲ್ಲಿಟ್ಟ ಹಣದಷ್ಟಕ್ಕೆ ಸಾಲದ ಬಡ್ಡಿ ಬೀಳುವುದಿಲ್ಲ, ಬೇಕಾದಾಗ ತೆಗೆಯಲೂಬಹುದು.

ಸಾಲಪತ್ರಕ್ಕೆ ಸಹಿ ಹಾಕುವ ದಿನ ಒಂದು ವಿಮೆ ಫಾರ್ಮನ್ನೂ ಮುಂದಿಡುತ್ತಾರೆ, ಪ್ರೀಮಿಯಂ ಒಂದೇ ಗಂಟಿನಲ್ಲಿ ಸಾಲಕ್ಕೇ ಸೇರಿರುತ್ತದೆ, ಅದಕ್ಕೂ 20 ವರ್ಷ ಬಡ್ಡಿ. ಅದನ್ನು ಒಪ್ಪಿಕೊಳ್ಳದೆ, ಸಾಲದ ಮೊತ್ತಕ್ಕಿಂತ ಹೆಚ್ಚಿನ ಟರ್ಮ್ ಇನ್ಶೂರೆನ್ಸನ್ನು ನೀವೇ ಮೊದಲು ಮಾಡಿಸಿ ಆ ಪಾಲಿಸಿಯನ್ನು ತೋರಿಸಿ.

ಕೊನೆಗೆ ಪಾಸ್‌ಬುಕ್ ಜೊತೆ ನೀವು ಕಳಿಸಿದ ಇನ್ನೊಂದು ಪುಟ. ಅದರಲ್ಲಿ ನಾಮಿನಿ ಎಂದು ನಿಮ್ಮ ತಾಯಿಯವರ ಹೆಸರಿದೆ, ಕೆಲಸಕ್ಕೆ ಸೇರಿದ ವರ್ಷ ಬರೆಸಿದ್ದು. ಪಿಎಫ್ ನಿಯಮದ ಪ್ರಕಾರ ಮದುವೆಗೆ ಮುಂಚಿನ ನಾಮಿನೇಷನ್ ಮದುವೆಯಾದ ಮೇಲೆ ನಡೆಯುವುದಿಲ್ಲ. ಪೋರ್ಟಲ್‌ನಲ್ಲಿ ಇ-ನಾಮಿನೇಷನ್ ತೆರೆದು ಪತ್ನಿ ಮತ್ತು ಮಗಳ ಹೆಸರು ಸೇರಿಸಿ ಆಧಾರ್ ಒಟಿಪಿಯಿಂದ ಇ-ಸೈನ್ ಮಾಡಿ. ಪತ್ನಿಯ ಫೋಟೊ ಮೊದಲೇ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಅದಿಲ್ಲದೆ ಮುಂದಿನ ಪುಟಕ್ಕೆ ಹೋಗಲು ಬಿಡುವುದಿಲ್ಲ.